ಒಡಲು ಅವಳದು, ತೀರ್ಮಾನ ಯಾರದು?

ಆಲೆಮನೆ ಎಂದೊಡನೆ ಮಂಡ್ಯ ಸೀಮೆಯವರಿಗೆ ಮೊದಲು ನೆನಪಾಗುವುದು ವಾಸನೆ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕೊತಕೊತ ಕುದಿಯುತ್ತಿರುತ್ತದೆ. ಒಲೆಗೆ ಒಣಸಿಪ್ಪೆ ತಳ್ಳುವವನ ಮೈಯೆಲ್ಲ ಬೆವರು. ಪಾಕ ಹದಕ್ಕೆ ಬಂದಾಗ ಅಚ್ಚಿಗೆ ಸುರಿಯುತ್ತಾರೆ. ದಾರಿಯಲ್ಲಿ ಹೋಗುವ ಮಕ್ಕಳನ್ನೂ ಕರೆದು ಬಿಸಿ ಬೆಲ್ಲದ ಚೂರು ಕೈಗಿಡುವ ಜಾಗ ಅದು.

2023ರ ಕೊನೆಯಲ್ಲಿ ಆ ಜಾಗಕ್ಕೆ ಬೇರೆಯೇ ಹೆಸರು ಅಂಟಿಕೊಂಡಿತು. ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಅನುಮಾನದ ಮೇಲೆ ಕಾರೊಂದನ್ನು ತಡೆದು ವಿಚಾರಿಸಿದರು. ಎಳೆ ಹಿಡಿದು ಹೊರಟವರು ಬಂದು ನಿಂತದ್ದು ಮಂಡ್ಯ ಸಮೀಪದ ಆಲೆಮನೆಯೊಂದರಲ್ಲಿ. ಅಲ್ಲಿ ಬಸುರಿಯರ ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಯಂತ್ರ ಆಡಿಸಿ ಗಂಡೋ ಹೆಣ್ಣೋ ಹೇಳಲಾಗುತ್ತಿತ್ತು, ಹೆಣ್ಣಾದರೆ ಗರ್ಭ ತೆಗೆಸಲು ಮೈಸೂರಿಗೆ ಕಳಿಸಲಾಗುತ್ತಿತ್ತು ಎಂಬುದು ಆರೋಪ. ಕೆಲವೇ ವರ್ಷಗಳಲ್ಲಿ ಸುಮಾರು 900 ಗರ್ಭಪಾತಗಳು ನಡೆದಿರಬಹುದೆಂದು ಪೊಲೀಸರು ಅಂದಾಜಿಸಿದರು. ತನಿಖೆ ಸಿಐಡಿಗೆ ಹೋಯಿತು. ಆರು ತಿಂಗಳು ಕಳೆಯುವಷ್ಟರಲ್ಲಿ, 2024ರ ಮೇ ತಿಂಗಳಲ್ಲಿ, ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇಂಥದ್ದೇ ಪ್ರಕರಣ ಬಯಲಾಯಿತು.

ಆಲೆಮನೆಗೆ ಬಂದ ಹೆಣ್ಣುಮಕ್ಕಳ ಹೆಸರು ಯಾವ ರಿಜಿಸ್ಟರಿನಲ್ಲೂ ಇದ್ದಿರಲಾರದು. ಅವರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳುವ ಗೋಜಿಗೆ ಹೋಗುವ ಜಾಗ ಅದಲ್ಲ. ಆಮೇಲೆ ನಡೆದ ಚರ್ಚೆಯಲ್ಲಿ ದಲ್ಲಾಳಿಗಳ ಬಗ್ಗೆ, ವೈದ್ಯರ ಬಗ್ಗೆ, ಯಂತ್ರದ ಬಗ್ಗೆ, ದುಡ್ಡಿನ ಬಗ್ಗೆ ಬೇಕಾದಷ್ಟು ಮಾತು ಬಂತು. ಆ ಸ್ಕ್ಯಾನಿಂಗ್‌ಗೆ ಮಲಗಿದವಳ ಬಗ್ಗೆ ಮಾತ್ರ ಬಹಳ ಕಡಿಮೆ. ಅವಳಿಗೆ ಏನು ಬೇಕಿತ್ತು? ಆ ಪ್ರಶ್ನೆಗೆ ನೂರು ವರ್ಷಕ್ಕೂ ಹಿಂದಿನ ಬೇರುಗಳಿವೆ. ಕೆಲವು ಬೇರು ಲಂಡನ್ನಿನವರೆಗೆ, ಅಮೆರಿಕದ ದಕ್ಷಿಣ ರಾಜ್ಯಗಳವರೆಗೆ ಹರಡಿವೆ. ಕೆಲವು ನಮ್ಮದೇ ಮೈಸೂರು, ರಾಮನಗರಗಳಲ್ಲಿವೆ.

ಚುಂಚನಗಿರಿಯ ಸಾಲು

ಮೊದಲು ಅಂಕಿಗಳನ್ನು ನೋಡೋಣ. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ವಧು–ವರರ ಸಮಾವೇಶ ನಡೆಯಿತು. ಬಂದ ಗಂಡುಗಳ ಅರ್ಜಿ ಹತ್ತು ಸಾವಿರ ದಾಟಿತ್ತು, ಹೆಣ್ಣುಗಳದ್ದು ಸುಮಾರು 250. ಮುಂದಿನ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರು ‘ಹೆಣ್ಣು ಸಿಗಲಪ್ಪ’ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು.

‘ಹೆಣ್ಣುಮಕ್ಕಳನ್ನು ಹೊಟ್ಟೆಯಲ್ಲೇ ತೆಗೆಸಿದ್ದಕ್ಕೆ ಇದು ಫಲ’ ಎಂದು ಬಹಳ ಮಂದಿ ಹೇಳಿದರು. ಅದರಲ್ಲಿ ನಿಜವಿದೆ, ಪೂರ್ತಿ ನಿಜವಿಲ್ಲ. ಪ್ರಕೃತಿಯಲ್ಲೇ ಗಂಡು ಶಿಶುಗಳು ಸ್ವಲ್ಪ ಹೆಚ್ಚು ಹುಟ್ಟುತ್ತವೆ; ಸಾವಿರ ಗಂಡಿಗೆ ಸುಮಾರು 950 ಹೆಣ್ಣು. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ ಎಷ್ಟು ಹೆಣ್ಣು ಎಂದು ಜನಗಣತಿ ಲೆಕ್ಕ ಹಾಕುತ್ತದೆ. ಕರ್ನಾಟಕದಲ್ಲಿ ಅದು 1991ರಲ್ಲಿ 960 ಇತ್ತು. 2001ರಲ್ಲಿ 946ಕ್ಕೆ ಇಳಿದು 2011ರಲ್ಲಿ 948ಕ್ಕೆ ನಿಂತಿತು. ಮಂಡ್ಯ ಜಿಲ್ಲೆಯಲ್ಲಿ 2001ರಲ್ಲಿ 934, 2011ರಲ್ಲಿ 939. ರಾಜ್ಯದ ಸರಾಸರಿಗಿಂತ ಎರಡು ಸಲವೂ ಕೆಳಗೆ.

ಈ ಕೊರತೆಯೊಂದರಿಂದಲೇ ಹತ್ತು ಸಾವಿರಕ್ಕೆ 250 ಎಂಬ ಅಂತರ ಬರುವುದಿಲ್ಲ. ಓದಿದ ಹೆಣ್ಣುಮಕ್ಕಳು ಸಾಲದಲ್ಲಿ ಮುಳುಗಿದ ಬೇಸಾಯದ ಮನೆಗೆ ಹೋಗಲು ಒಪ್ಪುತ್ತಿಲ್ಲ. ಹೆತ್ತವರೂ ಬೆಂಗಳೂರಿನ ಸಂಬಳದ ಅಳಿಯನನ್ನೇ ಹುಡುಕುತ್ತಾರೆ. ಆ ಹುಡುಗಿಯರನ್ನು ದೂರಿ ಪ್ರಯೋಜನವಿಲ್ಲ, ತಮ್ಮ ಬದುಕನ್ನು ಅವರು ಆರಿಸಿಕೊಳ್ಳುತ್ತಿದ್ದಾರೆ. ಆದರೆ ‘ಹೆಣ್ಣು ಕಡಿಮೆಯಾದರೆ ಹೆಣ್ಣಿಗೆ ಬೆಲೆ ಬರುತ್ತದೆ’ ಎಂದು ನಂಬಿದವರಿಗೆ ಈ ಸೀಮೆಯೇ ಉತ್ತರ ಕೊಟ್ಟಿದೆ. ಸೊಸೆ ಸಿಗುವುದು ಕಷ್ಟವಾದ ಊರುಗಳಲ್ಲೇ, ಸಿಕ್ಕ ಸೊಸೆಯ ಹೊಟ್ಟೆಯಲ್ಲಿ ಗಂಡೇ ಇರಬೇಕೆಂಬ ಹಟವೂ ಉಳಿದಿದೆ.

ಬೇಬಿ ಜಾತ್ರೆಯ ಲೆಕ್ಕ

ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ದನಗಳ ಜಾತ್ರೆಗೆ, ಕೆ.ಆರ್. ಪೇಟೆಯ ಹೇಮಗಿರಿ ಜಾತ್ರೆಗೆ ಹೋದವರು ಹಳ್ಳಿಕಾರ್ ಹೋರಿಯನ್ನು ಆರಿಸುವ ರೈತನನ್ನು ನೋಡಿರುತ್ತಾರೆ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಬೆನ್ನಿನ ಮೇಲಿನ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ತಳಿ ಚೆನ್ನಾಗಿದ್ದರೆ ಬಿತ್ತನೆಗೆ ಇಟ್ಟುಕೊಳ್ಳುತ್ತಾನೆ, ಇಲ್ಲದಿದ್ದರೆ ಬೀಜ ಒಡೆಸುತ್ತಾನೆ.

ಇದೇ ಲೆಕ್ಕವನ್ನು ಮನುಷ್ಯರಿಗೂ ಹಾಕಬೇಕೆಂದು ಹೊರಟವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ದನ, ಕುದುರೆಗಳ ತಳಿ ಸುಧಾರಿಸುವಂತೆ ಮನುಷ್ಯ ಕುಲವನ್ನೂ ಸುಧಾರಿಸಬಹುದೆಂದು ವಾದಿಸಿ, 1883ರಲ್ಲಿ ಅದಕ್ಕೆ ‘ಯುಜೆನಿಕ್ಸ್’ ಎಂದು ಹೆಸರಿಟ್ಟ. ಕನ್ನಡದಲ್ಲಿ ಇದನ್ನು ಸುಪ್ರಜನನ ವಾದ ಎನ್ನುತ್ತೇವೆ. ಹೆಸರು ಸೊಗಸಾಗಿದೆ. ಒಳಗಿನ ತಿರುಳು ಇಷ್ಟು: ‘ಒಳ್ಳೆಯವರು’ ಹೆಚ್ಚು ಹೆರಬೇಕು, ‘ಕೀಳಾದವರು’ ಹೆರಬಾರದು. ಯಾರು ಕೀಳು ಎಂದು ತೀರ್ಮಾನಿಸುವವರು ಅಧಿಕಾರದಲ್ಲಿ ಇದ್ದವರೇ.

ಅಮೆರಿಕದ ಇಂಡಿಯಾನಾ ರಾಜ್ಯ 1907ರಲ್ಲಿ ಬಲವಂತದ ಸಂತಾನಹರಣಕ್ಕೆ ಕಾನೂನನ್ನೇ ಮಾಡಿತು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕ್ಯಾರಿ ಬಕ್ ಎಂಬ ಬಡ ಯುವತಿಯ ಮೇಲೆ ಇಂಥ ಶಸ್ತ್ರಚಿಕಿತ್ಸೆ ಮಾಡಬಹುದೆಂದು ತೀರ್ಪು ಕೊಟ್ಟಿತು. ಅತ್ಯಾಚಾರಕ್ಕೆ ಒಳಗಾಗಿ ಬಸುರಿಯಾಗಿದ್ದ ಆಕೆಗೆ ‘ಮಂದಬುದ್ಧಿ’ ಎಂದು ಹಣೆಪಟ್ಟಿ ಹಚ್ಚಲಾಗಿತ್ತು. ಇಂಥ ಕಾನೂನುಗಳ ಅಡಿಯಲ್ಲಿ ಆ ದೇಶದಲ್ಲಿ 60 ಸಾವಿರಕ್ಕೂ ಹೆಚ್ಚು ಜನರ ಸಂತಾನಶಕ್ತಿ ಕಿತ್ತುಕೊಳ್ಳಲಾಯಿತು. 1933ರ ನಾತ್ಸಿ ಕಾನೂನು ಜರ್ಮನಿಯಲ್ಲಿ ಸುಮಾರು ನಾಲ್ಕು ಲಕ್ಷ ಜನರನ್ನು ಅದೇ ಮೇಜಿನ ಮೇಲೆ ಮಲಗಿಸಿತು.

ಜರ್ಮನಿ ಸೋತ ಮೇಲೆ ಯುಜೆನಿಕ್ಸ್ ಎಂಬ ಮಾತು ಆಡಲು ಜನ ನಾಚಿದರು, ಕೆಲಸ ಮಾತ್ರ ನಿಲ್ಲಲಿಲ್ಲ. ಮಿಸಿಸಿಪ್ಪಿಯ ಕಪ್ಪು ಜನಾಂಗದ ಹೋರಾಟಗಾರ್ತಿ ಫ್ಯಾನಿ ಲೂ ಹೇಮರ್ 1961ರಲ್ಲಿ ಗಡ್ಡೆ ತೆಗೆಸಲು ಆಸ್ಪತ್ರೆಗೆ ಹೋದರು. ಅವರಿಗೆ ಒಂದು ಮಾತೂ ಹೇಳದೆ ಗರ್ಭಕೋಶವನ್ನೇ ತೆಗೆದಿದ್ದರು. 1973ರಲ್ಲಿ ಅಲಬಾಮಾದಲ್ಲಿ 14 ಮತ್ತು 12 ವರ್ಷದ ರೆಲ್ಫ್ ಸಹೋದರಿಯರಿಗೆ ಸರ್ಕಾರಿ ದುಡ್ಡಿನಲ್ಲಿ ನಡೆಯುತ್ತಿದ್ದ ಕ್ಲಿನಿಕ್ಕಿನ ಮೂಲಕ ಸಂತಾನಹರಣ ಮಾಡಲಾಯಿತು. ಮಕ್ಕಳಿಗೆ ಚುಚ್ಚುಮದ್ದು ಕೊಡಿಸುತ್ತಾರೆಂದು ತಿಳಿದ ತಾಯಿ ಕಾಗದದ ಮೇಲೆ ಒಂದು ಗುರುತು ಹಾಕಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ನಮ್ಮಲ್ಲಾದರೆ ಅದನ್ನು ಹೆಬ್ಬೆಟ್ಟು ಎನ್ನುತ್ತೇವೆ.

ಸಂಸ್ಥಾನದ ಕ್ಲಿನಿಕ್

ಯುಜೆನಿಕ್ಸ್‌ನ ಗಾಳಿ ಮೈಸೂರಿಗೆ ಬೀಸುವ ಹೊತ್ತಿಗೆ ಇಲ್ಲಿ ಒಂದು ಒಳ್ಳೆಯ ಕೆಲಸವೂ ನಡೆದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರಾಗಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರಲ್ಲಿ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೊಂದು ತಾನೇ ಮುಂದೆ ನಿಂತು ಇಂಥ ಕ್ಲಿನಿಕ್ ತೆರೆದದ್ದು ಲೋಕದಲ್ಲೇ ಮೊದಲು ಎಂದು ಕುಟುಂಬ ಯೋಜನೆಯ ಇತಿಹಾಸ ಬರೆದವರು ಗುರುತಿಸುತ್ತಾರೆ. ಮೂರು ವರ್ಷ ಕಳೆದು, 1933ರಲ್ಲಿ, ಹಿಂದೂ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಹಕ್ಕು ಕೊಡುವ ಕಾಯ್ದೆಯನ್ನೂ ಸಂಸ್ಥಾನ ತಂದಿತು. ಹೆರಿಗೆಯಲ್ಲಿ ಹೆಣ್ಣು ಸಾಯುವುದು ಮನೆಮನೆಯ ಕಥೆಯಾಗಿದ್ದ ಕಾಲದಲ್ಲಿ ಇವೆರಡೂ ದೊಡ್ಡ ಹೆಜ್ಜೆಗಳು.

ಆದರೆ ಆ ಕಾಲದ ಸಂತಾನ ನಿಯಂತ್ರಣದ ಮಾತಿನಲ್ಲಿ ಎರಡು ದನಿಗಳು ಹೆಣೆದುಕೊಂಡಿದ್ದವು. ಒಂದು, ಹೆಣ್ಣು ಎಷ್ಟು ಹೆರಬೇಕೆಂಬುದು ಅವಳ ಇಷ್ಟ ಎನ್ನುವುದು. ಇನ್ನೊಂದು, ಬಡವರು ಬಹಳ ಹೆರುತ್ತಾರೆ, ಅವರನ್ನು ತಡೆಯಬೇಕು ಎನ್ನುವುದು. ನ್ಯೂಯಾರ್ಕಿನಲ್ಲಿ 1916ರಲ್ಲೇ ಕ್ಲಿನಿಕ್ ತೆರೆದು ಜೈಲಿಗೂ ಹೋಗಿಬಂದ ಮಾರ್ಗರೆಟ್ ಸ್ಯಾಂಗರ್ ಅವರ ಬರಹದಲ್ಲಿ ಎರಡೂ ದನಿ ಕೇಳುತ್ತವೆ. 1935ರಲ್ಲಿ ಅವರು ಭಾರತಕ್ಕೆ ಬಂದು ವಾರ್ಧಾದಲ್ಲಿ ಗಾಂಧೀಜಿಯನ್ನು ಕಂಡರು. ಗಾಂಧೀಜಿ ಬ್ರಹ್ಮಚರ್ಯವೇ ದಾರಿ ಎಂದರು, ಇಬ್ಬರ ಮಾತೂ ಕೂಡಲಿಲ್ಲ. ನಮ್ಮ ಹುಬ್ಬಳ್ಳಿಯಲ್ಲಿ 1893ರಲ್ಲಿ ಹುಟ್ಟಿದ ಧನ್ವಂತಿ ರಾಮರಾವ್ 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘ ಕಟ್ಟಿದರು. ಅದರ ಆರಂಭದ ದಿನಗಳಲ್ಲೂ ಹೆಣ್ಣಿನ ಆರೋಗ್ಯದ ಕಾಳಜಿ ಮತ್ತು ‘ಉತ್ತಮ ಸಂತತಿ’ಯ ಆಸೆ ಜೊತೆಜೊತೆಗೇ ಇದ್ದವು.

ಈ ಎರಡು ದನಿಗಳನ್ನು ಸ್ಪಷ್ಟವಾಗಿ ಬಿಡಿಸಿ ನೋಡಿದವರು ಅಂಬೇಡ್ಕರ್ ಮತ್ತು ಪೆರಿಯಾರ್. ಜಾತಿ ಪದ್ಧತಿಯಿಂದ ರಕ್ತ ಶುದ್ಧವಾಗಿ ಉಳಿಯುತ್ತದೆ, ಆದ್ದರಿಂದ ಅದು ಯುಜೆನಿಕ್ಸ್‌ಗೆ ಅನುಗುಣ ಎಂದು ವಾದಿಸಿದವರಿಗೆ ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲೇ ಉತ್ತರ ಕೊಟ್ಟರು. ಅದೇ ಅಂಬೇಡ್ಕರ್ 1938ರಲ್ಲಿ ಮುಂಬೈ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಪರವಾಗಿ ಭಾಷಣ ಸಿದ್ಧಪಡಿಸಿಕೊಟ್ಟರು. ಅವರ ಪಕ್ಷದ ಪಿ.ಜೆ. ರೋಹಂ ಅದನ್ನು ಮಂಡಿಸಿದರು, ನಿರ್ಣಯ ಬಿದ್ದುಹೋಯಿತು. ಪೆರಿಯಾರ್ ಅವರಂತೂ, ದೇಶದ ಆರೋಗ್ಯ, ಕುಟುಂಬದ ಆಸ್ತಿ ಎಂಬ ಕಾರಣಗಳು ಬೇರೆಯವರದು, ತಮಗೆ ಬೇಕಾದದ್ದು ಹೆಣ್ಣಿನ ಬಿಡುಗಡೆ ಎಂದು ಸಾರಿದರು. ಜನಾಂಗದ ಮೇಲುಕೀಳು ಅಮೆರಿಕದಲ್ಲಿ ಮಾಡಿದ್ದನ್ನು ಇಲ್ಲಿ ಜಾತಿ ಮಾಡಬಲ್ಲದು ಎಂಬ ಎಚ್ಚರವನ್ನು ಅವರಿಬ್ಬರ ಮಾತಿನಿಂದ ನಾವು ಪಡೆಯಬಹುದು.

ರಾಮನಗರದ ಮಣಿಸರ

1952ರಲ್ಲಿ ಭಾರತ ಕುಟುಂಬ ಯೋಜನೆಯನ್ನು ಸರ್ಕಾರಿ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಇಟ್ಟ ಹಣ 65 ಲಕ್ಷ ರೂಪಾಯಿ. ಅದರ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ಮಂಡ್ಯಕ್ಕೆ ಹತ್ತಿರದ ರಾಮನಗರದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ. ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅದರ ಹಿಂದಿದ್ದರು.

ಗರ್ಭ ನಿಲ್ಲುವ ದಿನಗಳಲ್ಲಿ ಗಂಡ ಹೆಂಡತಿ ದೂರವಿರಬೇಕೆಂಬುದು ವಿಧಾನ. ದಿನ ಎಣಿಸಲು ಹೆಂಗಸರಿಗೆ ಒಂದು ಮಣಿಸರ ಕೊಟ್ಟರು. ಕೂಡಬಹುದಾದ ದಿನಕ್ಕೆ ಒಂದು ಬಣ್ಣದ ಮಣಿ, ಕೂಡಬಾರದ ದಿನಕ್ಕೆ ಇನ್ನೊಂದು ಬಣ್ಣದ್ದು. ದಿನಕ್ಕೊಂದು ಮಣಿ ಸರಿಸುತ್ತ ಹೋಗಬೇಕು.

ದೀಪವಿಲ್ಲದ ಮನೆಯ ಕತ್ತಲಲ್ಲಿ ಬಣ್ಣ ಹೇಗೆ ಕಾಣಬೇಕು? ಕೊರಳಲ್ಲಿ ಹಾಕಿಕೊಂಡರೆ ಊರಿಗೆಲ್ಲ ಗುಟ್ಟು ಹೇಳಿದಂತೆ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಮಣಿ ಸರಿಸುವವಳು ಹೆಂಡತಿಯಾದರೂ ‘ಇವತ್ತು ಬೇಡ’ ಎಂಬ ಮಾತು ನಡೆಯಬೇಕಾದರೆ ಗಂಡ ಒಪ್ಪಬೇಕು. ಕೊನೆಯವರೆಗೆ ಆ ವಿಧಾನದಲ್ಲಿ ಉಳಿದವರು ಕೆಲವೇ ಮಂದಿ. ಹೆಣ್ಣಿನ ಕೈಗೆ ಸಾಧನ ಕೊಟ್ಟು ಅಧಿಕಾರ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆ ಮಣಿಸರಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ.

ಅದೇ ವರ್ಷಗಳಲ್ಲಿ ವಿಶ್ವಸಂಸ್ಥೆ ಮೈಸೂರು ರಾಜ್ಯದಲ್ಲಿ ಜನಸಂಖ್ಯೆಯ ದೊಡ್ಡ ಅಧ್ಯಯನ ನಡೆಸಿತು. ಬಯಲುಸೀಮೆಯ ಹಳ್ಳಿಗಳಲ್ಲಿ, ಮಲೆನಾಡಿನಲ್ಲಿ, ಬೆಂಗಳೂರಿನಲ್ಲಿ ಮನೆಮನೆಗೆ ಹೋಗಿ ಮಾತಾಡಿಸಿದರು. 1961ರಲ್ಲಿ ವರದಿ ಬಂತು. ನಾಲ್ಕಾರು ಮಕ್ಕಳಾದ ಮೇಲೆ ‘ಇನ್ನು ಸಾಕು’ ಎನ್ನುವವರು ಹಳ್ಳಿಗಳಲ್ಲೂ ಬಹಳ ಮಂದಿ ಇದ್ದರು. ಕೇಳಿದರೆ ಹೆಂಗಸರು ಹೇಳುತ್ತಾರೆ. ಆಮೇಲಿನ ವರ್ಷಗಳಲ್ಲಿ ಸರ್ಕಾರ ಕೇಳುವುದನ್ನು ಬಿಟ್ಟು ಎಣಿಸುವುದಕ್ಕೆ ಕೂತಿತು.

ಗುರಿ, ಕ್ಯಾಂಪು, ಕತ್ತರಿ

1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಬಹುಪಾಲು ಗಂಡಸರಿಗೆ. ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ಮೇಷ್ಟರಿಗೆ, ಗುಮಾಸ್ತರಿಗೆ, ಆರೋಗ್ಯ ಸಿಬ್ಬಂದಿಗೆ ಇಂತಿಷ್ಟು ‘ಕೇಸು’ ತರಬೇಕೆಂಬ ಗುರಿ ಇತ್ತು. ಹರಿಯಾಣದ ಉಟಾವರ್ ಹಳ್ಳಿಯನ್ನು 1976ರ ನವೆಂಬರಿನಲ್ಲಿ ಪೊಲೀಸರು ರಾತ್ರೋರಾತ್ರಿ ಸುತ್ತುವರಿದು ಗಂಡಸರನ್ನು ಹಿಡಿದೊಯ್ದರು. ಗುರಿ ತುಂಬಿಸಲು ಸಿಕ್ಕವರಲ್ಲಿ ಹೆಚ್ಚಿನವರು ಬಡವರು, ದಲಿತರು, ಮುಸ್ಲಿಮರು. ಯುಜೆನಿಕ್ಸ್ ಎಂಬ ಮಾತು ಯಾವ ಆದೇಶದಲ್ಲೂ ಇರಲಿಲ್ಲ. ಯಾರ ಮಕ್ಕಳು ದೇಶಕ್ಕೆ ಹೊರೆ ಎಂಬ ಎಣಿಕೆ ಮಾತ್ರ ಹಳೆಯದೇ.

1977ರಲ್ಲಿ ಗಂಡಸರ ಸಿಟ್ಟು ಸರ್ಕಾರವನ್ನೇ ಬೀಳಿಸಲು ನೆರವಾಯಿತು. ಅಂದಿನಿಂದ ಕತ್ತರಿ ಹೆಂಗಸರ ಕಡೆ ತಿರುಗಿ ಅಲ್ಲೇ ನಿಂತಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟು ಮಂದಿ ‘ಆಪರೇಷನ್’ ಮಾಡಿಸಿಕೊಂಡವರು. ಗಂಡಸರ ಪಾಲು ಶೇ 1ನ್ನೂ ಮುಟ್ಟುವುದಿಲ್ಲ, ಅವರ ಶಸ್ತ್ರಚಿಕಿತ್ಸೆ ಹೆಚ್ಚು ಸುಲಭ, ಹೆಚ್ಚು ಸುರಕ್ಷಿತವಾಗಿದ್ದರೂ.

2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಒಂದು ಕ್ಯಾಂಪಿನಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಣ್ಣುಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಲಾಯಿತು. ಹದಿಮೂರು ಮಂದಿ ತೀರಿಕೊಂಡರು. ಎರಡು ವರ್ಷದ ನಂತರ, ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ, ಇಂಥ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿತು.

ಸ್ಕ್ಯಾನಿಂಗ್ ಬಂದ ದಾರಿ

ಭ್ರೂಣಲಿಂಗ ಪತ್ತೆಯನ್ನು ನಾವು ಹಳ್ಳಿಯ ಮೌಢ್ಯ ಎಂದುಕೊಳ್ಳುತ್ತೇವೆ. ಅದರ ಹುಟ್ಟು ನೋಡಿದರೆ ಹಾಗನ್ನಿಸುವುದಿಲ್ಲ. ಜನಸಂಖ್ಯಾ ಸ್ಫೋಟದ ಭಯ ಬಿತ್ತಿದ ಅಮೆರಿಕದ ಪಾಲ್ ಎರ್ಲಿಕ್ 1968ರ ತಮ್ಮ ಪುಸ್ತಕದಲ್ಲಿ, ಮೊದಲ ಮಗು ಗಂಡೇ ಆಗುವಂಥ ಸುಲಭ ವಿಧಾನ ಸಿಕ್ಕರೆ ಜನಸಂಖ್ಯೆಯ ಕಷ್ಟ ಎಷ್ಟೋ ಕಡೆ ಹಗುರಾಗುತ್ತದೆಂದು ಬರೆದರು. ಗಂಡಿಗಾಗಿ ಕಾಯುತ್ತ ಹೆಣ್ಣುಗಳನ್ನು ಹೆರುವುದು ತಪ್ಪುತ್ತದೆ ಎಂಬ ತರ್ಕ. 1970ರ ದಶಕದ ನಡುವೆ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಗರ್ಭದ ನೀರು ತೆಗೆದು ಪರೀಕ್ಷಿಸುವ ಪದ್ಧತಿ ಶುರುವಾಯಿತು. ಶಿಶುವಿನ ಕಾಯಿಲೆ ಪತ್ತೆಗೆಂದು ಬಂದ ಪರೀಕ್ಷೆ ಬಹುಬೇಗ ಗಂಡು ಹೆಣ್ಣು ತಿಳಿಯುವ ಪರೀಕ್ಷೆಯಾಯಿತು. ಅಲ್ಲಿನ ಕೆಲವು ವೈದ್ಯರೇ, ಇದರಿಂದ ಬೇಡದ ಹೆರಿಗೆ ತಪ್ಪುತ್ತದೆಂದು 1975ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಸಮರ್ಥಿಸಿದರು.

ಇದನ್ನು ಎದುರಿಸಿ ಬೀದಿಗಿಳಿದವರು ಮಹಿಳಾ ಸಂಘಟನೆಗಳು. ಮುಂಬೈಯ ಹೋರಾಟದ ಫಲವಾಗಿ ಮಹಾರಾಷ್ಟ್ರ 1988ರಲ್ಲಿ ಕಾಯ್ದೆ ಮಾಡಿತು. 1994ರಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ ಕೇಂದ್ರ ಸರ್ಕಾರದ ಪಿಎನ್‌ಡಿಟಿ ಕಾಯ್ದೆ ಬಂದು 1996ರಿಂದ ಜಾರಿಯಾಯಿತು. ಅಷ್ಟರಲ್ಲಿ ಸೂಜಿಯೇ ಬೇಡದ ಸ್ಕ್ಯಾನಿಂಗ್ ಯಂತ್ರ ತಾಲ್ಲೂಕು ಕೇಂದ್ರಗಳಿಗೂ ಬಂದಿತ್ತು. 2003ರಲ್ಲಿ ಕಾಯ್ದೆ ಬಿಗಿಯಾಗಿ ಪಿಸಿಪಿಎನ್‌ಡಿಟಿ ಆಯಿತು. ಪ್ರತಿ ಯಂತ್ರ ನೋಂದಣಿಯಾಗಬೇಕು, ಪ್ರತಿ ಬಸುರಿಯ ಸ್ಕ್ಯಾನಿಂಗ್‌ಗೆ ಎಫ್ ಫಾರಂ ತುಂಬಬೇಕು, ಮಾತಿನಲ್ಲಾಗಲಿ ಸನ್ನೆಯಲ್ಲಾಗಲಿ ಲಿಂಗ ತಿಳಿಸಬಾರದು. ತಪ್ಪಿದರೆ ಮೊದಲ ಸಲ ಮೂರು ವರ್ಷದವರೆಗೆ ಜೈಲು. ಕೈಯಲ್ಲಿ ಹಿಡಿದೊಯ್ಯುವ ಪುಟ್ಟ ಯಂತ್ರ ಬಂದ ಮೇಲೆ ಆಲೆಮನೆಯೂ ಸ್ಕ್ಯಾನಿಂಗ್ ಸೆಂಟರ್ ಆಗಬಲ್ಲದೆಂಬುದನ್ನು ಮಂಡ್ಯ ತೋರಿಸಿತು.

ಗಡಿಯಾಚೆ ಕಥೆ ಬೇರೆಯಲ್ಲ. ಬೆಳಗಾವಿ ಜಿಲ್ಲೆಗೆ ಅಂಟಿಕೊಂಡ ಸಾಂಗ್ಲಿ ಜಿಲ್ಲೆಯ ಮ್ಹೈಸಾಳದಲ್ಲಿ 2017ರಲ್ಲಿ ಒಬ್ಬ ಯುವತಿ ಗರ್ಭಪಾತದ ವೇಳೆ ಸತ್ತ ಮೇಲೆ ಪೊಲೀಸರು ನೆಲ ಅಗೆದಾಗ 19 ಭ್ರೂಣಗಳು ಸಿಕ್ಕವು. ಲಿಂಗ ತಿಳಿಯುವ ಹೊತ್ತಿಗೆ ಗರ್ಭಕ್ಕೆ ಮೂರು ತಿಂಗಳು ದಾಟಿರುತ್ತದೆ. ಆಮೇಲೆ ಕದ್ದುಮುಚ್ಚಿ ತೆಗೆಸುವುದೆಂದರೆ ರಕ್ತಸ್ರಾವಕ್ಕೆ, ನಂಜಿಗೆ ಹೆಣ್ಣಿನ ಜೀವವನ್ನೇ ಒಡ್ಡಿದಂತೆ.

ತೆರ ಹೋಗಿ ದಕ್ಷಿಣೆ ಬಂತು

ಕಾವೇರಿ ನೀರು ಕುಡಿದ ಈ ಹಸಿರು ಸೀಮೆಯಲ್ಲಿ ಹೀಗೇಕೆ? ಇಲ್ಲಿನ ಒಕ್ಕಲು ಮನೆಗಳಲ್ಲಿ ಹಿಂದೆ ಗಂಡಿನ ಕಡೆಯವರೇ ಹೆಣ್ಣಿಗೆ ‘ತೆರ’ ಕೊಟ್ಟು ಮದುವೆ ಮಾಡಿಕೊಳ್ಳುತ್ತಿದ್ದರು. ಹೊಲದಲ್ಲಿ ನಾಟಿ, ಕಳೆ, ಕೊಯ್ಲು ಮಾಡುವ ಅವಳ ಕೈಗೆ ಬೆಲೆಯಿತ್ತು. ಕನ್ನಂಬಾಡಿ ಕಟ್ಟೆಯಿಂದ ನಾಲೆ ಹರಿಯಿತು. 1930ರ ದಶಕದಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ಕೈಯಲ್ಲಿ ರೊಕ್ಕ ಓಡಾಡತೊಡಗಿತು.

ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 56ರವರೆಗೆ ಮಂಡ್ಯದ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಊರುಗಳ ನಿಜ ಹೆಸರು ಮರೆಸಿ ವಂಗಲ, ದಲೇನ ಎಂದು ಕರೆದರು. 1970ರಲ್ಲಿ ಮತ್ತೆ ಬಂದಾಗ ಅವರು ಕಂಡ ದೊಡ್ಡ ಬದಲಾವಣೆಗಳಲ್ಲಿ ಒಂದು, ತೆರದ ಜಾಗಕ್ಕೆ ವರದಕ್ಷಿಣೆ ಕಾಲಿಟ್ಟದ್ದು. ಉಳ್ಳ ಮನೆಗಳು ಹೆಂಗಸರನ್ನು ಹೊಲದ ಕೆಲಸದಿಂದ ಬಿಡಿಸಿದವು, ಓದಿದ ಗಂಡಿಗೆ ಬೆಲೆ ಏರಿತು. ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿದ್ದರೂ ಮದುವೆ ಮಾತುಕತೆಯ ಚಾಪೆಯ ಮೇಲೆ ಅದಕ್ಕೆ ಜಾಗ ಸಿಗಲಿಲ್ಲ.

ಆಸ್ತಿಯ ಕಥೆಯೂ ಅಷ್ಟೆ. ಕರ್ನಾಟಕ 1994ರಲ್ಲೇ, ದೇಶಕ್ಕಿಂತ 11 ವರ್ಷ ಮೊದಲು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಕಾನೂನು ಬದಲಾದರೂ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಬದಲಾಗಲಿಲ್ಲ. ತುಂಡಾಗುತ್ತ ಬಂದ ಎರಡೆಕರೆ ಗದ್ದೆಯಲ್ಲಿ ಮಗಳ ಪಾಲು ಹೊಸ ಭಯವಾಗಿ ಸೇರಿಕೊಂಡಿತು. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲೂ ಇದೇ ಮಾತು; ಮಳೆ ನಂಬಿ ಬದುಕುವ, ದುಡಿಮೆಗೆ ಬೆಂಗಳೂರು ಮುಂಬೈ ಸೇರುವ ನಾಗಮಂಗಲ, ಕೆ.ಆರ್. ಪೇಟೆಗಳಲ್ಲೂ ಇದೇ ಮಾತು. ಮಕ್ಕಳು ಎರಡೇ ಸಾಕು ಎಂದು ಎಲ್ಲರೂ ಒಪ್ಪಿದ್ದಾರೆ. ಎರಡರಲ್ಲಿ ಒಂದಾದರೂ ಗಂಡಾಗಬೇಕು. ಮೊದಲನೆಯದು ಹೆಣ್ಣಾದ ಮನೆಯಲ್ಲಿ ಎರಡನೆಯ ಬಸುರಿನ ಮೇಲೆ ಎಲ್ಲರ ಕಣ್ಣೂ ನೆಟ್ಟಿರುತ್ತದೆ.

ಗಾಲ್ಟನ್ ತಳಿಯ ಲೆಕ್ಕ ಹಾಕಿದ, ಸರ್ಕಾರ ತಲೆಯ ಲೆಕ್ಕ ಹಾಕಿತು, ಈಗ ಮನೆ ವಂಶದ ಲೆಕ್ಕ ಹಾಕುತ್ತಿದೆ. ಲೆಕ್ಕ ಹಾಕುವವರು ಬದಲಾಗಿದ್ದಾರೆ. ಯಾವ ಮಗು ಹುಟ್ಟಲು ಯೋಗ್ಯ ಎಂಬ ಪ್ರಶ್ನೆಯೂ ಅದೇ, ಆ ಪ್ರಶ್ನೆ ಕೇಳುವಾಗ ಹೆಣ್ಣಿನ ಮೈಯನ್ನು ಗದ್ದೆಯಂತೆ ಕಾಣುವುದೂ ಅದೇ.

ಎರಡು ಕಾನೂನು, ಒಬ್ಬಳೇ ಹೆಣ್ಣು

ಇಲ್ಲಿ ಓದುಗರು ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಭ್ರೂಣಲಿಂಗ ಪತ್ತೆ ಅಪರಾಧ. ಕಾನೂನಿನ ಮಿತಿಯೊಳಗಿನ ಗರ್ಭಪಾತ ಅಪರಾಧವಲ್ಲ. 1971ರ ವೈದ್ಯಕೀಯ ಗರ್ಭಪಾತ (ಎಂಟಿಪಿ) ಕಾಯ್ದೆ, 2021ರ ತಿದ್ದುಪಡಿಯೊಂದಿಗೆ, ನಿಗದಿತ ಕಾರಣಗಳಿಗೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ, ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಡುತ್ತದೆ. 18 ತುಂಬಿದವಳಿಗೆ ಬೇಕಾದದ್ದು ಅವಳದೊಂದೇ ಸಹಿ. ಗಂಡನ ಸಹಿಯೂ ಬೇಡ, ಅತ್ತೆ ಮಾವಂದಿರದೂ ಬೇಡ. ಮದುವೆಯಾಗದವರಿಗೂ ಈ ಹಕ್ಕು ಸಮಾನ ಎಂದು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ.

ದಾಳಿ, ಬಂಧನದ ಸುದ್ದಿ ಹಬ್ಬಿದಾಗ ಈ ಎರಡೂ ಕಲಸಿಹೋಗುತ್ತವೆ. ‘ಭ್ರೂಣ ಹತ್ಯೆ’ ಎಂಬ ಪದವೇ ಗರ್ಭಪಾತವೆಲ್ಲ ಕೊಲೆ ಎಂಬ ಭಾವನೆ ಹುಟ್ಟಿಸುತ್ತದೆ. ಹೆದರಿದ ಆಸ್ಪತ್ರೆ ಬಾಗಿಲು ಹಾಕಿದರೆ ನ್ಯಾಯವಾದ ಕಾರಣಕ್ಕೆ ಬಂದ ಹೆಣ್ಣುಮಗಳೂ ದಲ್ಲಾಳಿಯ ಕೈಗೆ ಬೀಳುತ್ತಾಳೆ. ಆದ್ದರಿಂದಲೇ ಮಹಿಳಾ ಹೋರಾಟದವರು ಅದನ್ನು ‘ಲಿಂಗ ಆಯ್ಕೆ’ ಎಂದು ಕರೆಯಿರಿ ಎನ್ನುತ್ತಾರೆ. ಪಿಸಿಪಿಎನ್‌ಡಿಟಿ ಕಾಯ್ದೆಯಲ್ಲೂ ಈ ವಿವೇಕವಿದೆ. ಪರೀಕ್ಷೆಗೆ ಒಳಗಾದ ಬಸುರಿಯನ್ನು ಗಂಡನೋ ಬಂಧುಗಳೋ ಒತ್ತಾಯಿಸಿದ್ದಾರೆಂದೇ ನ್ಯಾಯಾಲಯ ಮೊದಲು ಭಾವಿಸಬೇಕು. ಅವಳನ್ನು ಕಟಕಟೆಗೆ ಎಳೆಯುವುದು ಕಾಯ್ದೆಯ ಉದ್ದೇಶವಲ್ಲ.

ಗರ್ಭಪಾತದ ಬಾಗಿಲು ಮುಚ್ಚಿದರೆ ಏನಾಗುತ್ತದೆಂಬುದನ್ನು ಕನ್ನಡಿಗರಿಗೆ ದೂರದ ಉದಾಹರಣೆಯಿಂದ ಹೇಳಬೇಕಿಲ್ಲ. ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿದ್ದರು. 17 ವಾರದ ಗರ್ಭ ಉಳಿಯುವುದಿಲ್ಲವೆಂದು ಗೊತ್ತಾಗಿತ್ತು. ತೆಗೆಯಿರಿ ಎಂದು ಕೇಳಿಕೊಂಡರು. ಭ್ರೂಣದ ಎದೆಬಡಿತ ಇರುವವರೆಗೆ ಆಗದೆಂದರು. ನಂಜೇರಿ ಸವಿತಾ ತೀರಿಕೊಂಡಾಗ ವಯಸ್ಸು 31. ಅವರ ಚಿತ್ರ ಹಿಡಿದು ಆ ದೇಶದ ಹೆಣ್ಣುಮಕ್ಕಳು ಬೀದಿಗಿಳಿದರು. 2018ರ ಮೇ 25ರ ಜನಮತದಲ್ಲಿ ಐರ್ಲೆಂಡ್ ತನ್ನ ಸಂವಿಧಾನವನ್ನೇ ತಿದ್ದಿಕೊಂಡಿತು.

ಬೆಳಗಾವಿಯ ಸವಿತಾಗೆ ‘ಬೇಡ’ ಎನ್ನಲು ಬಿಡಲಿಲ್ಲ. ಮಂಡ್ಯದ ಆಲೆಮನೆಗೆ ಬಂದ ಎಷ್ಟೋ ಹೆಣ್ಣುಮಕ್ಕಳಿಗೆ ‘ಬೇಕು’ ಎನ್ನಲು ಬಿಟ್ಟಿರಲಾರರು. ಎರಡೂ ಕಡೆ ಕಳೆದುಹೋದದ್ದು ಒಂದೇ ಹಕ್ಕು.

ಸಹಿಗೆ ಮುಂಚೆ

ಅಮೆರಿಕದ ಕಪ್ಪು ಜನಾಂಗದ ಹೆಣ್ಣುಮಕ್ಕಳು 1994ರಲ್ಲಿ ಷಿಕಾಗೋದಲ್ಲಿ ಸೇರಿ ‘ಸಂತಾನ ನ್ಯಾಯ’ ಎಂಬ ಮಾತನ್ನು ಚಾಲ್ತಿಗೆ ತಂದರು. ಮಗು ಬೇಡ ಎನ್ನುವ ಹಕ್ಕು, ಬೇಕು ಎನ್ನುವ ಹಕ್ಕು, ಹೆತ್ತ ಮಗುವನ್ನು ಭಯವಿಲ್ಲದೆ ಸಾಕುವ ಹಕ್ಕು, ಮೂರೂ ಒಟ್ಟಿಗೆ ಬೇಕೆಂಬುದು ಅದರ ಸಾರ. ಬಲವಂತದ ಕತ್ತರಿ ಕಂಡವರಿಗೆ ಮೊದಲನೆಯ ಹಕ್ಕೊಂದೇ ಸಾಲದೆಂದು ಗೊತ್ತಿತ್ತು.

ಈ ಮೂರೂ ಹಕ್ಕುಗಳು ನಮ್ಮ ಮಂಡ್ಯ ಸೀಮೆಯಲ್ಲಿ ನೆಲೆಗೊಳ್ಳಬೇಕಾದರೆ ದಾಳಿಗಳಷ್ಟೇ ಸಾಲವು. ಯಂತ್ರಗಳ ತಪಾಸಣೆ ನಡೆಯಲಿ, ತಪ್ಪಿತಸ್ಥರಿಗೆ ಶಿಕ್ಷೆಯೂ ಆಗಲಿ. ಅದರ ಜೊತೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಾನೂನುಬದ್ಧ ಗರ್ಭಪಾತ ಮರ್ಯಾದೆಯಿಂದ ಸಿಗಬೇಕು. ಮಗಳ ಹೆಸರಿಗೆ ಪಹಣಿಯಲ್ಲಿ ಪಾಲು ಕೂರಬೇಕು. ಎರಡು ಹೆಣ್ಣು ಹೆತ್ತವಳ ತಾಯಿ ಕಾರ್ಡ್ ನೋಡಿದ ಆಶಾ ಕಾರ್ಯಕರ್ತೆ, ಮೂರನೆಯ ಬಸುರಿನಲ್ಲಿ ಅವಳ ಮನೆಗೆ ಪೊಲೀಸರಂತೆ ಹೋಗದೆ ಅಕ್ಕನಂತೆ ಹೋಗುವಷ್ಟು ಬಿಡುವು, ಸಂಬಳ ಆಕೆಗೂ ಇರಬೇಕು.

ಗರ್ಭಪಾತಕ್ಕೆ ಆಸ್ಪತ್ರೆಯಲ್ಲಿ ತುಂಬುವ ಒಪ್ಪಿಗೆ ಪತ್ರ ಒಂದು ಪುಟದ್ದು. ಅಲಬಾಮಾದ ಆ ತಾಯಿಗೆ ಓದಿ ಹೇಳದ ಕಾಗದ, ಆಲೆಮನೆಯಲ್ಲಿ ಇಲ್ಲವೇ ಇಲ್ಲದ ಕಾಗದ ಅದು. ಸಹಿ ಹಾಕುವ ಜಾಗದಲ್ಲಿ ಬರುವುದು ಒಂದೇ ಹೆಸರು, ಅವಳದು. ಪೆನ್ನು ಕೊಡುವ ಮುಂಚೆ ಜೊತೆಗೆ ಬಂದವರನ್ನೆಲ್ಲ ಹೊರಗೆ ಕೂರಿಸಿ, ಬಾಗಿಲು ಮುಂದೆ ಮಾಡಿ, ಅವಳ ಪಕ್ಕ ಕೂತು ನರ್ಸಮ್ಮ ಕೇಳಬೇಕು: ‘ನಿಂಗೇನ್ ಬೇಕವ್ವ?’ ಉತ್ತರ ಬರುವವರೆಗೂ ಕಾಯಬೇಕು.